ಇನ್ನೂರು ಗ್ರಾಂ

‘ಆಮೇಲೆ’ ಎನ್ನುವ ಗುಂಡಿ ಇವತ್ತು ಇರಲಿಲ್ಲ. ಮೂರು ವಾರದಿಂದ ಇಲಾಖೆಯ ಫೋನು ಬೆಳಿಗ್ಗೆ ತೆರೆದ ಕೂಡಲೇ ಎರಡು ಗುಂಡಿ ತೋರಿಸುತ್ತಿತ್ತು, ‘ಈಗ ಅಪ್‌ಡೇಟ್ ಮಾಡಿ’ ಅಂತ ಒಂದು, ‘ಆಮೇಲೆ’ ಅಂತ ಇನ್ನೊಂದು. ಜಗದೇವಿ ಮುಖ ತೊಳೆಯುವುದಕ್ಕೂ ಮೊದಲೇ ಆಮೇಲೆಯನ್ನು ಒತ್ತಿ, ಫೋನನ್ನು ದಿಂಬಿನ ಕೆಳಗೆ ತಳ್ಳಿ, ಒಂದು ದಿನ ದಕ್ಕಿತು ಅಂದುಕೊಳ್ಳುತ್ತಿದ್ದಳು. ಇವತ್ತು ಒಂದೇ ಗುಂಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹಳೆಯ ಆವೃತ್ತಿ ಇಂದು ಸಂಜೆ ನಾಲ್ಕಕ್ಕೆ ನಿಲ್ಲುತ್ತದೆ, ಹೊಸ ಆವೃತ್ತಿಯಲ್ಲಿ ಕೆಲವು ದೋಷಗಳನ್ನು ಸರಿಪಡಿಸಲಾಗಿದೆ. ಬಸವಕಲ್ಯಾಣದ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸು ಹತ್ತಿ ಕೂತು ಅವಳು ಅದನ್ನು ಆರನೇ ಸಲ ಓದಿದಳು. ಯಾವ ದೋಷ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬರೆಯುವುದೇನು ಬಂತು, ಅವಳಿಗೆ ಗೊತ್ತಿಲ್ಲವೇ. ಬಸವಕಲ್ಯಾಣದಲ್ಲೇ ಹತ್ತು ಮೊಬೈಲ್ ಅಂಗಡಿಗಳಿದ್ದವು, ಆದರೆ ಅಲ್ಲಿಯ ಬಜಾರದಲ್ಲಿ ಯಾವ ಹೊತ್ತಿಗೆ ಬೇಕಾದರೂ ಮೇಲ್ವಿಚಾರಕಿ ಶಕುಂತಲಾಬಾಯಿ ಎದುರಾಗಬಹುದಿತ್ತು. ಇಲಾಖೆಯ ಫೋನು ಹಿಡಿದ ಅಂಗನವಾಡಿ ಟೀಚರು ಮೊಬೈಲ್ ರಿಪೇರಿಯವನ ಮುಂದೆ ನಿಂತರೆ, ಯಾಕ ನಿಂತಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಮಂಠಾಳದಾಚೆಯ ತನ್ನ ಊರಿನಿಂದ ಎರಡು ಬಸ್ಸು ಬದಲಿಸಿ ಹುಮನಾಬಾದಿಗೆ ಹೋಗುವುದು.

ಕಂಡಕ್ಟರು ಬಂದು ಆಧಾರ್ ತೋರಿಸಿ ಅಂದ. ಹೆಂಗಸರಿಗೆ ಪುಕ್ಕಟೆ ಟಿಕೀಟು, ಆದರೆ ಕಾರ್ಡು ಬೇಕು. ಅವನು ಕಾರ್ಡಿನ ಫೋಟೋ ನೋಡಿ, ಅವಳ ಮುಖ ನೋಡಿ, ಮತ್ತೆ ಫೋಟೋ ನೋಡಿದ. ಅಷ್ಟಕ್ಕೇ ಅವಳು ಫೋನನ್ನು ಸೆರಗಿನ ಕೆಳಗೆ ಸರಿಸಿದಳು. ಈಗೀಗ ಯಾರು ಮುಖ ಹೋಲಿಸಿ ನೋಡಿದರೂ ಹೀಗೇ. ಅವನು ಟಿಕೀಟು ಹರಿದು ಕೊಟ್ಟು ಮುಂದೆ ಹೋದ ಮೇಲೆ, ಬಾಗಿಲಿನಿಂದ ಯಾರೋ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತು, ಅಕ್ಕಾರ, ನೀವೂ ಹುಮನಾಬಾದಕ್ಕೇನ್ರಿ ಎಂದರು. ಪೂನಮ. ತನ್ನದೇ ಊರಿನ, ತನ್ನದೇ ಅಂಗನವಾಡಿಯ ಓಣಿಯ ಪೂನಮ, ಆರು ತಿಂಗಳ ಬಸುರಿ, ಕೈಯಲ್ಲಿ ತೆಂಗಿನಕಾಯಿ ಇದ್ದ ಚೀಲ. ಗುರುವಾರವಲ್ಲವೇ, ಮಾಣಿಕನಗರಕ್ಕೆ ಪ್ರಭುಗಳ ದರ್ಶನಕ್ಕೆ ಹೊರಟಿದ್ದಳು. ಯಾರು ಈ ಬಸ್ಸಿಗೆ ಬರಬಾರದೆಂದು ಜಗದೇವಿ ದೇವರಲ್ಲಿ ಬೇಡಿಕೊಳ್ಳಬಹುದಿತ್ತೋ ಅವಳೇ ಬಂದು ಕೂತಿದ್ದಳು. ಬಸ್ಸು ಊರು ಬಿಟ್ಟು ಸಸ್ತಾಪುರದ ಬಂಗ್ಲಾ ದಾಟಿ ಹೆದ್ದಾರಿಗೆ ಬಿದ್ದಿತು. ಪೂನಮ ಸೆರಗಿನಿಂದ ಮುಖ ಒರೆಸಿಕೊಂಡಳು, ಅತ್ತಿತ್ತ ನೋಡಿದಳು, ಆಮೇಲೆ ತಲೆ ಬಗ್ಗಿಸಿ, ಪ್ರತಿ ತಿಂಗಳು ಕೇಳುವ ಹಾಗೆಯೇ ಮೆಲ್ಲಗೆ ಕೇಳಿದಳು.

“ಈ ತಿಂಗಳ ಎಷ್ಟಾತ್ರಿ ಅಕ್ಕಾರ, ನಮ್ಮ ರತ್ನದೀಪಂದು?”

“ಒಂಬತ್ತು,” ಎಂದಳು ಜಗದೇವಿ.

ಒಂಬತ್ತು ಕಿಲೋ. ಪೂನಮ ತನ್ನೊಳಗೇ ನಕ್ಕಂತೆ ಮಾಡಿ ಕಿಟಕಿಯಾಚೆ ತಿರುಗಿಕೊಂಡಳು. ರತ್ನದೀಪ ಸತ್ತು ಎಂಟು ತಿಂಗಳಾಗಿತ್ತು. ಹತ್ತು ತಿಂಗಳ ಕೂಸು, ನಾಲ್ಕು ದಿನ ಜ್ವರ ಬಂದು, ಐದನೇ ದಿನ ಬೆಳಗಾಗುವಾಗ ತಾಯಿಯ ತೊಡೆಯ ಮೇಲೆಯೇ ತಣ್ಣಗಾಗಿದ್ದ. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಇಷ್ಟು ಸಣ್ಣ ಕೂಸುಗಳ ಸಾವನ್ನು ಪಂಚಾಯಿತಿಗೆ ಹೋಗಿ ಬರೆಸುವ ರೂಢಿ ಆ ಊರಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಅವನು ಇರುವುದು, ಇಲ್ಲದಿರುವುದು ಎರಡೂ ಜಗದೇವಿಯ ಕೈಯಲ್ಲಿದ್ದ ಫೋನಿಗೆ ಬಿಟ್ಟದ್ದಾಯಿತು. ಫೋನಿನಲ್ಲಿ ಅವನು ಇದ್ದ. ಪ್ರತಿ ತಿಂಗಳು ಇನ್ನೂರು ಗ್ರಾಂ ಬೆಳೆಯುತ್ತಿದ್ದ. ಮುಖದ ಸುತ್ತ ಹಸಿರು ಉಂಗುರ ಬರುತ್ತಿತ್ತು. ಕೂಸಿನ ಹೆಸರು ಪಟ್ಟಿಯಲ್ಲಿದ್ದರೆ ತಾಯಿಗೆ ಪೌಷ್ಟಿಕ ಆಹಾರದ ಪಾಕೀಟು ಬರುತ್ತದೆ, ಬಡವಿ, ತಿನ್ನಲಿ ಎಂದು ಟೀಚರು ಮನಸ್ಸು ಮಾಡಿ ಹೆಸರು ಉಳಿಸಿದ್ದಾಳೆ, ಎಂದು ಪೂನಮ ತಿಳಿದಿದ್ದಳು. ಅವಳಷ್ಟೇ ಅಲ್ಲ, ಅವಳ ಗಂಡ ಅಂಬರೀಷನೂ, ಅತ್ತೆ ಯಶೋದಾಬಾಯಿಯೂ ಹಾಗೇ ತಿಳಿದಿದ್ದರು. ಹಾದಿಯಲ್ಲಿ ಸಿಕ್ಕಾಗ ಆ ಮುದುಕಿ ನಿಂತು ಕೈಮುಗಿಯುತ್ತಿದ್ದಳು, ಮತ್ತು ಜಗದೇವಿ ಬೇರೆ ಓಣಿ ಹಿಡಿದು ಹೋಗುವುದನ್ನು ಕಲಿತಿದ್ದಳು.

ಅದು ದಯೆಯಲ್ಲ ಎಂದು ಹೇಗೆ ಹೇಳುವುದು. ರತ್ನದೀಪನಿಗೆ ಐದು ತಿಂಗಳಾದಾಗ ಅಂಗನವಾಡಿಯ ತೂಗುತಕ್ಕಡಿಯ ಸ್ಪ್ರಿಂಗು ಹೋಯಿತು. ಅವತ್ತು ಕೊನೆಯ ಸಲ ಅವನನ್ನು ಜೋಳಿಗೆಯಲ್ಲಿ ಹಾಕಿ ತೂಗಿದ್ದು, ಆರು ಕಿಲೋ ನಾಲ್ಕುನೂರು. ಹೊಸ ತಕ್ಕಡಿಗೆ ಅರ್ಜಿ ಕೊಟ್ಟಳು, ಬರಲಿಲ್ಲ, ಇನ್ನೊಂದು ಕೊಟ್ಟಳು. ತಿಂಗಳ ಕೊನೆಗೆ ಮೂವತ್ತೆಂಟು ಮಕ್ಕಳ ತೂಕ ಫೋನಿಗೆ ಹೋಗಲೇಬೇಕು, ಹೋಗದಿದ್ದರೆ ಮೇಲಿನಿಂದ ನೋಟೀಸು. ಹಾಗಾಗಿ ಮನೆಯಲ್ಲಿ ಕೂತು, ಹೋದ ತಿಂಗಳ ತೂಕಕ್ಕೆ ಇನ್ನೂರು ಗ್ರಾಂ ಸೇರಿಸಿ ಬರೆಯತೊಡಗಿದಳು. ನೂರು ಸೇರಿಸಿದರೆ ಕೆಲವು ಮಕ್ಕಳಿಗೆ ತೂಕ ಸಾಲದು ಎಂದು ಫೋನಿನಲ್ಲಿ ಹಳದಿ ಬರುತ್ತದೆ, ಹಳದಿ ಬಂದರೆ ಮನೆಮನೆಗೆ ಹೋಗಬೇಕು, ಆಸ್ಪತ್ರೆಗೆ ಕಳಿಸಬೇಕು, ಮತ್ತೆ ಬರೆಯಬೇಕು. ಇನ್ನೂರು ಹಾಕಿದರೆ ಹಸಿರು. ಅವಳೊಬ್ಬಳೇ ಅಲ್ಲ, ತಿಂಗಳ ಮೀಟಿಂಗಿನಲ್ಲಿ ಚಹಾ ಕುಡಿಯುವಾಗ ಟೀಚರುಗಳೆಲ್ಲ ನಗಾಡುತ್ತ ಇದನ್ನೇ ಹೇಳಿಕೊಳ್ಳುತ್ತಿದ್ದರು, ನಿಮ್ಮದು ಎಷ್ಟು, ನಮ್ಮದು ಇನ್ನೂರು. ಇನ್ನೂರು ಗ್ರಾಂ ಅಂದರೆ ಎಷ್ಟು, ಒಂದು ಲೋಟ ನೀರು. ಅಷ್ಟು ನೀರನ್ನು ಅವಳು ಪ್ರತಿ ತಿಂಗಳು ಒಂದು ಒಣಗುತ್ತಿದ್ದ ಕೂಸಿಗೆ ಫೋನಿನಲ್ಲಿ ಕುಡಿಸಿದ್ದಳು. ಸಾಯುವ ತಿಂಗಳು ಅವನ ತೂಕ ಫೋನಿನಲ್ಲಿ ಏಳು ಕಿಲೋ ನಾಲ್ಕುನೂರು, ಹಸಿರು. ಮಣ್ಣಿಗೆ ಹೋದವಳು ದೂರ ನಿಂತು ನೋಡಿದ್ದಳು. ಅಂಬರೀಷ ಕೂಸನ್ನು ಒಂದೇ ಕೈಯಲ್ಲಿ ಹಿಡಿದಿದ್ದ.

ಒಂಬತ್ತು ದಿನ ಬಿಟ್ಟು ಫೋನು ತೆರೆದು ‘ಮರಣ’ ಎಂದು ಒತ್ತಿದ್ದಳು. ಆಗ ಫಾರಂ ತೆರೆಯಿತು, ಅದರ ಮೇಲೆ ಅವನ ಹತ್ತೂ ತಿಂಗಳ ತೂಕದ ಗೆರೆ, ನೆಟ್ಟಗೆ ಮೇಲೇರಿದ್ದು. ಇಂಥಾ ಗೆರೆಯ ಕೂಸು ಹೇಗೆ ಸತ್ತಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಸಿ ಹಂಚು ಮುಟ್ಟಿದವಳ ಹಾಗೆ ಕೈ ಹಿಂದೆಳೆದುಕೊಂಡು ಫಾರಂ ತುಂಬದೆಯೇ ಮುಚ್ಚಿಟ್ಟಳು. ಮುಂದಿನ ಪಾಕೀಟು ಹಂಚುವ ದಿನ ಪೂನಮ ಎಲ್ಲರೂ ಹೋದ ಮೇಲೆ ಬಂದು ಬಾಗಿಲಲ್ಲಿ ನಿಂತು, ಅವನ ಹೆಸರು ಇನ್ನೂ ಅದ ಏನ್ರಿ ಎಂದಳು. ಅದ, ಇರಲಿ ಬಿಡು ಎಂದಳು ಜಗದೇವಿ. ಅಷ್ಟೇ. ಪೂನಮ ಬಗ್ಗಿ ಅವಳ ಕಾಲು ಮುಟ್ಟಿದಳು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಯಾರೂ ಅವಳ ಕಾಲು ಮುಟ್ಟಿರಲಿಲ್ಲ, ಮತ್ತು ಆ ಹೊತ್ತಿನಲ್ಲಿ, ಥೂ ನನ್ನ ಜನ್ಮಕ್ಕಿಷ್ಟು, ಕಾಲು ಹಿಂದೆ ತೆಗೆಯಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

“ಪಾಪದ ಮಾತ ಒಂದು ನಿಮ್ಮ ಮುಂದ ಹೇಳ್ಲೇನ್ರಿ ಅಕ್ಕಾರ,” ಎಂದಳು ಪೂನಮ. ಬಸ್ಸು ರಾಜೇಶ್ವರದಲ್ಲಿ ನಿಂತಿತ್ತು, ಕಿಟಕಿಯ ಹೊರಗೆ ಯಾರೋ ಸೀತಾಫಲ ಮಾರುತ್ತಿದ್ದರು. “ನಮ್ಮತ್ತಿ ಆಗಲೇ ಅಂದಿದ್ಳರಿ, ಕೂಸು ಸೊರಗಾಕತ್ತದ, ಬೀದರಕ ದವಾಖಾನಿಗಿ ಒಯ್ಯೋಣು ಅಂತ. ನಾನೇ ಬ್ಯಾಡ ಅಂದೆ. ಅಕ್ಕಾರ ಫೋನಿನ್ಯಾಗ ಹಸಿರು ಬಂದದ, ನಿನಗೇನ್ ತಿಳಿತದ ಅಂತ ಮುದುಕಿಗಿ ಬೈದೆ. ಪ್ರಭುಗಳ ಮುಂದ ಹೋಗಿ ದರಾ ಗುರುವಾರ ಇದನ್ನೇ ಹೇಳಿ ಬರ್ತೀನ್ರಿ. ಒಯ್ದಿದ್ರ ಉಳೀತಿದ್ದನೋ ಏನೋ.”

ನಿನ್ನ ತಪ್ಪಲ್ಲ ಎಂದು ಹೇಳಬೇಕಿತ್ತು, ಹೇಳಲು ಜಗದೇವಿ ಬಾಯಿಯನ್ನೂ ತೆರೆದಳು, ಆದರೆ ಅದರ ಹಿಂದೆಯೇ ಬರಬೇಕಾದ ಮಾತು ನೆನಪಾಗಿ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಪೂನಮ ಅವಳ ಮೊಣಕೈ ಮುಟ್ಟಿ, ನೀವ್ಯಾಕ ಕಣ್ಣಾಗ ನೀರ ತರ್ತೀರಿ, ನಿಮ್ಮಂಥಾವ್ರು ಇದ್ದೀರಿ ಅಂತ ನಾ ಬದಕೀನಿ ಎಂದಳು. ಈ ಹುಡುಗಿಗೆ ಇಪ್ಪತ್ಮೂರು ವಯಸ್ಸು. ಎಂಟು ತಿಂಗಳಿಂದ ಪ್ರತಿ ಗುರುವಾರ ತನ್ನದಲ್ಲದ ತಪ್ಪನ್ನು ಹೊತ್ತುಕೊಂಡು ಹೋಗಿ ದೇವರ ಮುಂದೆ ಇಳಿಸಿ, ಮತ್ತೆ ಹೊತ್ತುಕೊಂಡು ಮನೆಗೆ ಬರುತ್ತಿದ್ದಾಳೆ. ಪಕ್ಕದಲ್ಲಿ ಕೂತ ತನಗೆ ಅದು ಯಾರದ್ದೆಂದು ಗೊತ್ತು. ಹುಮನಾಬಾದ್ ಬರುವವರೆಗೂ ಜಗದೇವಿ ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿದೇ ಕೂತಿದ್ದಳು. ಪೂನಮ ಮಾಣಿಕನಗರದ ಆಟೋ ಹತ್ತುವಾಗ, ಸಂಜಿ ಬಸ್ಸಿಗಿ ಸಂಗಟೇ ಹೋಗೋಣ್ರಿ, ಇಲ್ಲೇ ನಿಲ್ದಾಣದಾಗ ಇರ್ರಿ ಎಂದು ಹೇಳಿ ಹೋದಳು.

ಸಲಾವುದ್ದೀನನ ಅಂಗಡಿ ನಿಲ್ದಾಣದ ಎದುರು ಮಹಡಿಯ ಮೆಟ್ಟಿಲುಗಳ ಕೆಳಗಿತ್ತು. ಗಾಜಿನ ಪೆಟ್ಟಿಗೆ, ಒಂದು ದೀಪ, ಬಿಚ್ಚಿಟ್ಟ ಫೋನುಗಳು. ಎಂಟು ತಿಂಗಳ ಹಿಂದೆ ಇಲ್ಲಿಗೇ ಬಂದಿದ್ದಳು. ಇಲಾಖೆ ಕೊಟ್ಟ ಫೋನಿಗೆ ಬೀಗ ಇರುತ್ತದೆ, ಇಲಾಖೆಯ ಆ್ಯಪು ಬಿಟ್ಟು ಬೇರೆ ಏನನ್ನೂ ಹಾಕಲಿಕ್ಕಾಗದು, ಮತ್ತು ಆ್ಯಪು ಪ್ರತಿ ತಿಂಗಳು ಕೂಸಿನ ಮುಖವನ್ನು ಕ್ಯಾಮೆರಾದಲ್ಲೇ ನೋಡಬೇಕು, ಹಳೆಯ ಫೋಟೋ ಒಪ್ಪದು. ಕೂಸು ಕಬ್ಬು ಕಡಿಯುವವರ ಜೊತೆ ಊರು ಬಿಟ್ಟಿದೆ, ಪಾಕೀಟು ತಪ್ಪುತ್ತದೆ ಎಂದು ಸುಳ್ಳು ಹೇಳಿದ್ದಳು. ಅವನು ಬೀಗ ತೆಗೆದು, ಒಳಗೆ ಏನೋ ಸೇರಿಸಿ, ಕ್ಯಾಮೆರಾದ ಕಣ್ಣಿಗೆ ಹಳೆಯ ಫೋಟೋವನ್ನೇ ಹಿಡಿಯುವ ಹಾಗೆ ಮಾಡಿಕೊಟ್ಟಿದ್ದ. ಆ ಫೋಟೋ ಕೂಸು ಇದ್ದಾಗಿನ ಕೊನೆಯದು. ಕೆನ್ನೆಯ ಮೇಲಿನ ದೃಷ್ಟಿಬೊಟ್ಟಿನಿಂದ ಮುಖ ಸ್ಪಷ್ಟವಿಲ್ಲ ಎಂದು ಫೋನು ಹಟ ಹಿಡಿದಾಗ, ಒರೆಸು ಒರೆಸು ಎಂದು ಜಗದೇವಿಯೇ ಅವಸರ ಮಾಡಿದ್ದಳು, ಪೂನಮ ಸೆರಗಿನಿಂದ ಒರೆಸಿದ್ದಳು. ಕೆನ್ನೆಯ ಮೇಲೆ ಕಾಡಿಗೆಯ ಮಬ್ಬು ಹಾಗೇ ಉಳಿದಿತ್ತು. ಎಂಟು ತಿಂಗಳೂ ಫೋನು ಅದೇ ಮಬ್ಬಿನ ಸುತ್ತ ಹಸಿರು ಉಂಗುರ ಬರೆದಿತ್ತು.

ಅಂಗಡಿಯ ಮುಂದೆ ಇಬ್ಬರು ಕಾಲೇಜು ಹುಡುಗಿಯರು ಒಡೆದ ಗಾಜು ಹಿಡಿದು ನಿಂತಿದ್ದರು. ಸಲಾವುದ್ದೀನ್ ಫೋನು ಇಸಿದುಕೊಂಡು ಒಂದಷ್ಟು ಹೊತ್ತು ಒತ್ತಿ ನೋಡಿ ತಲೆಯಲ್ಲಾಡಿಸಿದ. ಈ ಸಲ ಸಂದು ಮುಚ್ಚಿದ್ದಾರೆ, ನಾಲ್ಕರೊಳಗೆ ತಾನು ಹಾಕಿದ್ದನ್ನು ತೆಗೆದು ಫೋನನ್ನು ಮೊದಲಿನ ಹಾಗೆ ಮಾಡಬೇಕು, ಇಲ್ಲದಿದ್ದರೆ ಬೀಗ ಒಡೆದ ಫೋನು ಎಂದು ಮೇಲೆ ಗೊತ್ತಾಗುತ್ತದೆ, ಅಪ್‌ಡೇಟ್ ಆದ ಮೇಲೆ ಹಳೆಯ ಫೋಟೋ ನಡೆಯದು, ಕ್ಯಾಮೆರಾ ಕೂಸು ಕಣ್ಣು ಮಿಟುಕಿಸುವುದನ್ನು ನೋಡಿಯೇ ಒಪ್ಪುವುದು, ಎಂದೆಲ್ಲ ಬಿಡಿಸಿ ಹೇಳಿದ. ಆಮೇಲೆ, ಇದೇನು ಮಹಾ ಎಂಬಂತೆ ನಕ್ಕ.

“ಕೂಸಿನ್ನ ಒಂದ್ ಸಲ ಕರಕೊಂಡ ಬರ್ರಿ ಮೇಡಂ. ಒಮ್ಮಿ ಕಣ್ಣು ಮುಚ್ಚಿ ತಗದ್ರ ಸಾಕು, ಮುಗೀತು.”

ಊರಲ್ಲಿಲ್ಲ ಎಂದಳು. ಇನ್ನೂ ಬಂದಿಲ್ಲವೇ ಎಂದ. ಇಲ್ಲ ಎಂದಳು. ಬೇರೆ ದಾರಿ ಏನೂ ಇಲ್ಲವೇನಪ್ಪ, ಇನ್ನೊಂದು ವಾರ ತಡೆಯುವ ಹಾಗೆ ಮಾಡು, ನಾಲ್ಕು ದಿನ, ಎರಡು ದಿನ ಎಂದು ಇಳಿಸುತ್ತ ಬಂದಳು. ತರಕಾರಿ ಚೌಕಾಸಿಯ ಹಾಗೆ ಕೇಳಿಸಿತೋ ಏನೋ, ಹುಡುಗಿಯರಲ್ಲೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಜಗದೇವಿಗೆ ನಾಚಿಕೆಯೂ ಉಳಿದಿರಲಿಲ್ಲ. ಫೋನು ನೀರಿಗೆ ಬಿತ್ತು ಅಂದರೆ ಹೇಗೆ, ಕಲ್ಲು ಹಾಕಿ ಒಡೆದೇ ಬಿಡುತ್ತೇನೆ ಎಂದಳು. ಸಲಾವುದ್ದೀನ್ ಕೈಯನ್ನು ಮೇಲೆ, ಮೆಟ್ಟಿಲಿನ ಕಡೆಗೆ ತೋರಿಸಿ, ಫೋನು ಒಡದ್ರ ಹೆಸರು ಹೋಗಂಗಿಲ್ರಿ, ಹೆಸರು ಇದರಾಗ ಇರಂಗಿಲ್ಲ, ಎಲ್ಲಾ ಮ್ಯಾಲಿರ್ತದ ಎಂದ. ಹೆಸರನ್ನೇ ತೆಗೆದುಬಿಡಿ ಎಂದು ತಾನೇ ಆ್ಯಪು ತೆರೆದು ತೋರಿಸಿದ. ಹೆಸರು ತೆಗೆಯಲು ಕಾರಣ ಕೇಳುತ್ತದೆ, ವಯಸ್ಸು ಮೀರಿದೆ, ವಲಸೆ, ಮರಣ, ಮೂರೇ. ವಲಸೆ ಎಂದು ಒತ್ತಿ, ಬೆರಳಿನ ಕೆಲಸ, ಯಾರೂ ಹಿಂದೆ ಬೀಳುವುದಿಲ್ಲ. ಹೇಳುತ್ತ ಹೇಳುತ್ತ ಕೂಸಿನ ಫೋಟೋ ನೋಡಿದ. ತಿಂಗಳು ತಿಂಗಳಿನ ಚೌಕಗಳನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದ, ಎಲ್ಲದರಲ್ಲೂ ಅದೇ ಕೆನ್ನೆ, ಅದೇ ಮಬ್ಬು.

“ಇಂವ ಬೆಳದೇ ಇಲ್ಲಲ್ರಿ ಮೇಡಂ,” ಎಂದ. ಆಮೇಲೆ ಅವಳ ಮುಖ ನೋಡಿದ. ಹುಡುಗಿಯರ ಫೋನನ್ನು ಪಕ್ಕಕ್ಕಿಟ್ಟು ಅವಳದ್ದನ್ನೇ ಮೊದಲು ತೆಗೆದುಕೊಂಡು, ಇಪ್ಪತ್ತು ನಿಮಿಷದಲ್ಲಿ ತಾನು ಸೇರಿಸಿದ್ದನ್ನೆಲ್ಲ ತೆಗೆದು, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ. ಹೆಸರು ತೆಗೆದ ಮೇಲೆ ಅಪ್‌ಡೇಟ್ ಒತ್ತಿರಿ, ಮೊದಲು ಒತ್ತಬೇಡಿ ಎಂದಷ್ಟೇ ಹೇಳಿದ.

ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಕೂತಾಗ ಮೂರು ಇಪ್ಪತ್ತೈದು. ವಲಸೆ ಎಂದು ಒತ್ತಿದರೆ ಮುಗಿಯಿತು. ಕೆಲಸ ಉಳಿಯಿತು, ಮಾನ ಉಳಿಯಿತು, ಯಶೋದಾಬಾಯಿಯ ಕೈಮುಗಿತವೂ ಉಳಿಯಿತು. ಯಾರಿಗೆ ನಷ್ಟ? ಸತ್ತವನು ಹೇಗೂ ಸತ್ತ. ಇಷ್ಟು ವರ್ಷದಲ್ಲಿ ತಾನು ಒಳ್ಳೆಯದನ್ನೂ ಮಾಡಿದ್ದೇನೆ, ಎಷ್ಟು ಮಕ್ಕಳಿಗೆ ಸ್ಲೇಟು ಹಿಡಿಯುವುದನ್ನು ಕಲಿಸಿದ್ದೇನೆ, ಎಷ್ಟು ಬಸುರಿಯರನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಹೊತ್ತು ಹಾಕಿದ್ದೇನೆ, ಎಂದು ಯಾರೋ ಎದುರಿಗೆ ಕೂತು ವಿಚಾರಣೆ ಮಾಡುತ್ತಿದ್ದಾರೆ ಎಂಬಂತೆ ಒಂದೊಂದೇ ನೆನಪು ಮಾಡಿಕೊಂಡಳು. ನೆನಪು ಮಾಡಿಕೊಂಡಷ್ಟೂ ತನ್ನ ಮೇಲೆ ಹೇಸಿಗೆ ಬಂತು. ಅಂಬರೀಷನ ಒಂದು ಕೈ ಕಣ್ಣ ಮುಂದಿನಿಂದ ಹೋಗಲೊಲ್ಲದು. ಬಟ್ಟೆಯ ಸಣ್ಣ ಗಂಟಿನಂತೆ ಅವನು ಕೂಸನ್ನು ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಸನಿಕೆ ಇತ್ತು. ಏಳು ಕಿಲೋ ನಾಲ್ಕುನೂರನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಅವತ್ತೇ ಅವಳಿಗೆ ಗೊತ್ತಾಗಿತ್ತು. ಬೆರಳನ್ನು ವಲಸೆಯ ಮೇಲೆ ಒಯ್ದು, ತೆಗೆದು, ಸೀರೆಗೆ ಒರೆಸಿ, ಮತ್ತೆ ಒಯ್ದಳು.

ಅಷ್ಟರಲ್ಲಿ ಪೂನಮ ಬಂದಳು. ಹಣೆಗೆ ಕುಂಕುಮ, ಕೈಯಲ್ಲಿ ಪ್ರಸಾದದ ಪೊಟ್ಟಣ. ಪಕ್ಕದಲ್ಲಿ ಕೂತು ಫೋನಿನಲ್ಲಿ ಮಗನ ಮುಖ ನೋಡಿದಳು. ಇವತ್ತು ನಾಲ್ಕಕ್ಕೆ ಹೆಸರು ತೆಗೆಯಬೇಕು, ಇನ್ನು ಮುಂದೆ ಉಳಿಸಲು ಆಗುವುದಿಲ್ಲ ಎಂದು ಜಗದೇವಿ ನೆಲ ನೋಡುತ್ತ ಹೇಳಿದಳು. ಪೂನಮ ಅಳಲಿಲ್ಲ. ಎಂಟು ತಿಂಗಳು ಇಟ್ಟುಕೊಂಡ್ರಲ್ಲ, ಅದೇ ಭಾಳ ಆತ್ರಿ ಎಂದಳು. ಅವಳು ನಾಲ್ಕನೆಯ ತರಗತಿ ಓದಿದವಳು, ಮೂರು ಕಾರಣಗಳನ್ನೂ ಒಂದೊಂದು ಅಕ್ಷರ ಕೂಡಿಸಿ ಓದಿದಳು.

“ವಲಸಿ ಅಂತ ಹಾಕ್ರಿ ಅಕ್ಕಾರ. ಎಲ್ಲೋ ಹೋಗ್ಯಾನ ಅಂತ ಇರಲಿ.” ಹೊಟ್ಟೆಯ ಮೇಲೆ ಕೈಯಿಟ್ಟಳು. “ಇದು ಹುಟ್ಟಿದ ಮ್ಯಾಲ ಯಾರ ಮಾತೂ ಕೇಳಂಗಿಲ್ರಿ. ನಮ್ಮತ್ತಿದೂ ಇಲ್ಲ, ನಂದೂ ಇಲ್ಲ. ನಿಮ್ಮ ಫೋನ್ ಏನ್ ಹೇಳ್ತದ ಅಷ್ಟೇ.”

ವಲಸೆ ಎಂದು ಒತ್ತಿದರೆ ತಾಯಿಯ ಮಾತನ್ನೇ ನಡೆಸಿದಂತೆ. ಅದಕ್ಕಿಂತ ಮೆತ್ತಗಿನ ಹಾಸಿಗೆ ಯಾವ ಪಾಪಿಗೂ ಸಿಗಲಿಕ್ಕಿಲ್ಲ. ಆದರೆ ಆ ಹೊಟ್ಟೆಯೊಳಗಿನದು ಹುಟ್ಟಿ ಬರುತ್ತದೆ, ಸೊರಗಬಹುದು, ಆಗಲೂ ಈ ಹುಡುಗಿ ಮುದುಕಿಗೆ ಬೈದು ಹಸಿರು ತೋರಿಸುತ್ತಾಳೆ. ಜಗದೇವಿಯ ಬೆರಳು ಕೆಳಗಿಳಿದು ಮರಣದ ಮೇಲೆ ಒತ್ತಿತು. ಫಾರಂ ತೆರೆಯಿತು. ನೆಟ್ಟಗೆ ಏರಿದ ಗೆರೆ, ಅದರ ಕೆಳಗೆ ‘ಕೊನೆಯ ಬಾರಿ ತೂಗಿದ ತೂಕ’ ಎಂಬ ಚೌಕ, ಅದರಲ್ಲಿ ಫೋನು ತಾನಾಗಿಯೇ ಒಂಬತ್ತು ಎಂದು ತುಂಬಿಕೊಂಡಿತ್ತು. ಅವಳು ಒಂಬತ್ತನ್ನು ಅಳಿಸಿದಳು. ಪೂನಮ ಯಾಕ್ರಿ, ಯಾಕ್ರಿ ಎನ್ನುತ್ತಿದ್ದಳು.

“ನಾ ಅವನ್ನ ತೂಗಿದ್ದೇ ಇಲ್ಲವ್ವ,” ಎಂದಳು ಜಗದೇವಿ. ದನಿ ತನ್ನದಲ್ಲ ಎನ್ನಿಸಿತು. “ಐದ ತಿಂಗಳಿದ್ದಾಗ ತೂಗಿದ್ದೇ ಕಡೀದು. ಆಮ್ಯಾಲಿಂದ ಎಲ್ಲಾ ಮನ್ಯಾಗ ಕೂತು ಬರದದ್ದು. ಆ ಹಸಿರು ಅವಂದಲ್ಲ, ನಾ ಬರಿಸಿದ್ದು. ನಿಮ್ಮತ್ತಿ ಹೇಳಿದ್ದೇ ಖರೇ ಇತ್ತು. ತಪ್ಪು ನಂದು, ನಿಂದಲ್ಲ. ದೇವರ ಮುಂದ ನೀ ಹೋಗಬ್ಯಾಡ, ನಾ ಹೋಗಬೇಕು.”

ಚಿಟಗುಪ್ಪದ ಬಸ್ಸೊಂದು ಹಿಂದಕ್ಕೆ ಸರಿದು, ಜನ ಹತ್ತಿ, ಹೊರಟು ಹೋಯಿತು. ಪೂನಮ ಬೈಯಲಿಲ್ಲ, ಹೊಡೆಯಲಿಲ್ಲ. ಬೈಯಲಿ, ಕೂದಲು ಹಿಡಿದು ಎಳೆಯಲಿ, ನಿಲ್ದಾಣದ ಜನವೆಲ್ಲ ಸೇರಲಿ ಎಂದು ಜಗದೇವಿ ಕಾದಳು. ಪೂನಮಳ ತುಟಿ ಮಾತ್ರ ಅಲ್ಲಾಡುತ್ತಿತ್ತು, ಒಳಗೊಳಗೇ ತಿಂಗಳು ಎಣಿಸುವವರ ಹಾಗೆ. ಆಮೇಲೆ ಅವಳು ತಿರುಗಿ, ಖಾಲಿ ಚೌಕವನ್ನು ನೋಡಿ, ಮತ್ತೆ ಜಗದೇವಿಯ ಮುಖ ನೋಡಿದಳು.

“ಹಂಗಾದ್ರ ನನ್ನ ಕೂಸು ಎಷ್ಟಿತ್ರಿ?”

ಇಪ್ಪತ್ತೆರಡು ವರ್ಷದಲ್ಲಿ ಯಾವ ತಾಯಿ ಇದನ್ನು ಕೇಳಿದರೂ ಜಗದೇವಿಯ ಹತ್ತಿರ ಒಂದು ಅಂಕಿ ಇರುತ್ತಿತ್ತು. ಈಗ ಇರಲಿಲ್ಲ. ಪೂನಮ ಪ್ರಸಾದದ ಪೊಟ್ಟಣವನ್ನು ಬೆಂಚಿನ ಮೇಲಿಟ್ಟು, ಎರಡೂ ಅಂಗೈಯನ್ನು ಕೂಡಿಸಿ ಮಡಿಲಿನ ಮೇಲೆ ಅಂಗಾತ ಚಾಚಿ, ಕಣ್ಣು ಮುಚ್ಚಿ, ಕೈಯನ್ನು ಸ್ವಲ್ಪ ಮೇಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ನಾಲ್ಕಕ್ಕೆ ಇನ್ನೂ ಹನ್ನೊಂದು ನಿಮಿಷವಿತ್ತು.